ಮಾನಮ್ಮ ತೆರೆಯದ ಬಾಗಿಲು

ವಡಗೇರಾ ಸಂತೆಯಲ್ಲಿ ಮೀನು ಮಾರುವ ಮಾನಮ್ಮನ ಹತ್ತಿರ, ಮೊಬೈಲಿನ ರಾಕ್ಷಸರ ಆಟಕ್ಕೆ ಹೊಸದಾಗಿ ಇಳಿದವರೆಲ್ಲ ಬುದ್ಧಿ ಕೇಳಲು ಬರುತ್ತಾರೆ. ಆಕೆ ಮೀನು ಕೊಯ್ಯುತ್ತಲೇ, "ಮೊದ್ಲ ಮರ ಕಡೀರಿ, ಹೊತ್ತು ಮುಳುಗೂದ್ರಾಗ ಮನಿಗೆ ಬಾಗ್ಲಾ ಹಚ್ರಿ, ರಾತ್ರಿ ರಾಕ್ಷಸರು ಬರ್ತಾರ, ಕಾಲಬುಡಕ ಅಗದ್ರ ಬೆಂಕಿಹೊಂಡಕ್ಕ ಬೀಳ್ತೀರಿ, ಖೋಡಿಗಳ್ರಾ!" ಎಂದು ಬೈದು ಕಲಿಸುತ್ತಾಳೆ, ಆಟದಲ್ಲಿ ಮೂರು ಸಲ ಸತ್ತು ಬಂದವರಿಗೆ ಒಂದು ಮೀನು ಹೆಚ್ಚಿಗೆ ಹಾಕುತ್ತಾಳೆ. ತನ್ನ ಆಟದ ಮನೆಯ ಬಾಗಿಲನ್ನು ಮಾತ್ರ ಆಕೆ ತೆರೆಯುವುದೇ ಇಲ್ಲ. ಉಳಿದವರ ಆಟದಂತೆ ಅದರಲ್ಲಿ ಮತ್ತೆ ಹುಟ್ಟಿ ಬರುವಂತಿಲ್ಲ, ಒಮ್ಮೆ ಸತ್ತರೆ ಮುಗಿದೇ ಹೋಗುವ ಆಟ. ಒಳಗೆ ನಿಂತ ಗೊಂಬೆಯ ಹೆಸರು ದೇವು. ಅದನ್ನು ಆಡುತ್ತಿದ್ದ ಮಗ ದೇವು ಬಲೆ ಬೀಸಲು ಹೋಗಿ ಕೃಷ್ಣೆಯಲ್ಲಿ ಮುಳುಗಿ ಎರಡು ವರ್ಷವಾಯಿತು. ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಯ ದಿನ ಗಂಡ ಮರಿಲಿಂಗಪ್ಪ, "ಈ ವರ್ಸನಾರ ಮಗಗ ಎಡಿ ಇಡು" ಎಂದು ಬೇಡಿಕೊಂಡರೆ, ಮಾನಮ್ಮ ಗೊಂಬೆಗೆ ಆಟದ ರೊಟ್ಟಿ ತಿನ್ನಿಸಿ ಮೊಬೈಲು ತೋರಿಸುತ್ತಾಳೆ: "ಇದ್ದವಗ ಯಾರ ಎಡಿ ಇಡ್ತಾರ್ರಿ? ನೋಡ್ರಿ, ಈಗ ಉಂಡಾನ."