ಸತ್ತ ಮೇಲೆ ಕೈಮುಗಿದ ಮೈಲಪ್ಪ

ಹೊಸಹಳ್ಳಿ ಕಡೆಯ ಬಯಲಾಟಗಳಲ್ಲಿ ಮೈಲಪ್ಪನಷ್ಟು ಚೆನ್ನಾಗಿ ಸಾಯುವವನು ಇನ್ನೊಬ್ಬನಿಲ್ಲ. ಕುರಿ ಕಾಯುವ ಮನುಷ್ಯ, ಅರವತ್ತರ ಹತ್ತಿರದ ವಯಸ್ಸು, ಒಣಕಲು ಮೈ. ರಾಜನ ಪಾತ್ರ ಕೊಡಿ ಎಂದು ಅವನು ಕೇಳದ ವರ್ಷವಿಲ್ಲ, ಆಟ ಕಲಿಸುವ ಗುರುಸಂಗಪ್ಪ ಮೇಷ್ಟ್ರು ಕೊಟ್ಟ ವರ್ಷವೂ ಇಲ್ಲ. "ನಿನ್ನ ಮುಖ ಯಾರು ನೋಡ್ತಾರಪಾ? ನೀ ಸಾಯಾಕ ಲಾಯಕ್ಕು" ಎಂದು ಮೇಷ್ಟ್ರು ಕೈಗೊಂದು ಕಟ್ಟಿಗೆಯ ಕತ್ತಿ ಕೊಟ್ಟು ಸೈನಿಕರ ಸಾಲಿಗೆ ನೂಕುತ್ತಿದ್ದರು. ಮೈಲಪ್ಪ ಸಿಟ್ಟು ನುಂಗಿಕೊಂಡು ಹೋಗಿ ಸಾಯುತ್ತಿದ್ದ. ಸಾಯುವುದೆಂದರೆ ಸುಮ್ಮನೆ ಬೀಳುವುದಲ್ಲ. ಗರಗರ ತಿರುಗಿ, ಮೊಣಕಾಲೂರಿ, ಕೊಂದವನನ್ನು ಒಮ್ಮೆ ದುರುಗುಟ್ಟಿ ನೋಡಿ, ಆಮೇಲೆ ನಿಧಾನಕ್ಕೆ ಮಲಗುತ್ತಿದ್ದ.

ಅವರ ಮೇಳದಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಆಟದಲ್ಲಿ ಸತ್ತವನು ಸತ್ತ ಹಾಗೇ ಮನೆಗೆ ಹೋಗಬಾರದು. ಗೆದ್ದವನು ಕತ್ತಿಯನ್ನು ಒರೆಗೆ ಸೇರಿಸಿದನೆಂದರೆ ಕಾಳಗ ಮುಗಿದಂತೆ; ಸತ್ತವರು ಅಲ್ಲೇ, ಎಲ್ಲರ ಕಣ್ಣೆದುರಿಗೇ ಎದ್ದು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಕೂತ ಜನಕ್ಕೆ ಕೈಮುಗಿದು ಹೊರಡಬೇಕು. ಇಲ್ಲದಿದ್ದರೆ ಸಾವಿನ ಸೋಗು ಮೈಗೆ ಅಂಟಿಕೊಂಡು ಬರುತ್ತದೆ ಎಂಬ ನಂಬಿಕೆ. ಇದನ್ನು ಮೈಲಪ್ಪನಿಗಿಂತ ಬಿಗಿಯಾಗಿ ಹಿಡಿದವಳು ಅವನ ಹೆಂಡತಿ ಪಾಲಮ್ಮ. ಗಂಡ ಆಟ ಮುಗಿಸಿ ಬಂದರೆ ಬಾಗಿಲಲ್ಲೇ ಅಡ್ಡ ನಿಂತು, "ಎದ್ದು ಕೈಮುಗದು ಬಂದಿಯೋ ಇಲ್ಲೋ?" ಎಂದು ಕೇಳಿಯೇ ಒಳಗೆ ಬಿಡುತ್ತಿದ್ದಳು.

ಅಷ್ಟೆಲ್ಲ ಕೇಳುವ ಪಾಲಮ್ಮ ಒಂದೇ ಒಂದು ಸಲವೂ ಅವನ ಆಟ ನೋಡಿದವಳಲ್ಲ. ಕಟ್ಟಿಕೊಂಡ ಗಂಡ ಸಾಯುವುದನ್ನು ಕೂತು ನೋಡಲು ನಾನೇನು ಕಲ್ಲೇ ಎನ್ನುತ್ತಿದ್ದಳು. ಮೈಲಪ್ಪನಿಗೆ ರಾಜನ ಪಾತ್ರ ಬೇಕಾಗಿದ್ದುದೂ ಇದಕ್ಕೇ. ರಾಜ ಸಾಯುವುದಿಲ್ಲ, ಸಾಯದಿದ್ದರೆ ಪಾಲಮ್ಮ ಬಂದು ನೋಡುತ್ತಾಳೆ. ಈ ಆಸೆಯನ್ನು ಅವನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಹೋದ ವರ್ಷ ಕೂಡ್ಲಿಗಿ ಕಡೆಯ ಬಂಡೆಗುಡ್ಡಗಳಲ್ಲಿ ಪಾಳೇಗಾರರ ಯುದ್ಧದ ಸಿನಿಮಾ ತೆಗೆಯಲು ಒಂದು ತಂಡ ಬಂತು. ಕೊಟ್ಟೂರಿನಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವ ಕೊಟ್ರಸ್ವಾಮಿ ಜನ ಒದಗಿಸುವ ಕೆಲಸ ಹಿಡಿದಿದ್ದ. ಅವನು ನೇರ ಮೈಲಪ್ಪನ ಕುರಿಹಟ್ಟಿಗೇ ಬಂದು, "ಮೈಲಪ್ಪಣ್ಣ, ಸಾಯೋರು ಬೇಕಾಗ್ಯಾರ. ನಿನ್ನ ಬಿಟ್ರ ಯಾರದಾರ?" ಎಂದ. ಮೈಲಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ.

ಹೋಗಿ ನೋಡಿದರೆ ಇದ್ದ ಜನ ಒಂದು ಸೈನ್ಯಕ್ಕೂ ಸಾಲದು. ಬೆಳಿಗ್ಗೆ ಕೆಂಪು ಪೇಟ ಸುತ್ತಿಕೊಂಡು ಸತ್ತವರೇ ಮಧ್ಯಾಹ್ನ ಕರಿ ಪೇಟ ಸುತ್ತಿಕೊಂಡು ವೈರಿಗಳಾಗಬೇಕು. ಮೈಲಪ್ಪನಿಗೆ ಇದು ಯಾಕೋ ಸರಿ ಕಾಣಲಿಲ್ಲ. "ಬೆಳಿಗ್ಗೆ ನಾ ಆ ಕಡಿಗಿದ್ನಲ್ರಿ, ಸತ್ತೂ ಹೋಗೀನಿ" ಎಂದ. ಸಹಾಯಕ ನಿರ್ದೇಶಕ ತಲೆಯೆತ್ತದೆ ಹೇಳಿದ: "ಅಜ್ಜಾ, ಜನ ಹೀರೋನ ನೋಡೋಕೆ ಬರ್ತಾರೆ. ನಿಮ್ಮ ಮುಖ ಯಾರು ನೋಡ್ತಾರೆ?" ಮೇಷ್ಟ್ರ ಮಾತೇ ಇಲ್ಲಿಗೂ ಬೆನ್ನು ಹತ್ತಿ ಬಂದಿತ್ತು. ಮೈಲಪ್ಪನಿಗೆ ನಿಜಕ್ಕೂ ಬೇಜಾರಾಯಿತು.

ಸಂಜೆ ಕೊನೆಯ ಕಾಳಗ. ಹೀರೋ ಬಂಡೆಯ ಮೇಲೆ ನಿಂತು ನಾಡಿನ ಬಗ್ಗೆ ಉದ್ದನೆಯ ಮಾತು ಶುರು ಮಾಡಿದ. ಹಿಂದುಗಡೆ ಹೆಣಗಳ ನಡುವೆ ಕರಿ ಪೇಟದ ಮೈಲಪ್ಪ. ಮಾತಿನ ನಡುವೆ ಹೀರೋ ಏನೋ ಗತ್ತಿಗೆಂದು ಕತ್ತಿಯನ್ನು ಒರೆಗೆ ಸೇರಿಸಿದ. ಆ ಸದ್ದು ಕಿವಿಗೆ ಬಿತ್ತು. ಮೈಲಪ್ಪನಿಗೆ ಅಷ್ಟೇ ಸಾಕು. ಎದ್ದ, ಪೇಟ ತೆಗೆದ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ, ಎದುರಿಗೆ ಜನವಿಲ್ಲದೆ ಕ್ಯಾಮೆರಾ ಇದ್ದದ್ದರಿಂದ ಅದಕ್ಕೇ ಕೈಮುಗಿದು ಕಂಬಳಿ ಹುಡುಕುತ್ತಾ ಹೊರಟ. ತಂಡದವರೆಲ್ಲ ಹೀರೋನ ಕಣ್ಣೀರು ನೋಡುತ್ತಿದ್ದರು. ದೂರದಲ್ಲಿದ್ದ ಕೊಟ್ರಸ್ವಾಮಿ ಒಬ್ಬನೇ ಕಂಡು ತಲೆ ಮೇಲೆ ಕೈ ಹೊತ್ತುಕೊಂಡ, ಆದರೆ ಬಾಯಿ ಬಿಡಲಿಲ್ಲ. ಮನೆ ಬಾಗಿಲಲ್ಲಿ ಪಾಲಮ್ಮ ಕೇಳಿದಳು, ಮೈಲಪ್ಪ ಹೌದೆಂದ, ಒಳಗೆ ಹೋಗಿ ಉಂಡು ಮಲಗಿದ.

ಸಿನಿಮಾ ಹಗರಿಬೊಮ್ಮನಹಳ್ಳಿ ಟಾಕೀಸಿಗೆ ಬಂದಾಗ ಊರಿಗೆ ಊರೇ ಹೊರಟಿತು. ಗುರುಸಂಗಪ್ಪ ಮೇಷ್ಟ್ರೂ ಬಂದರು, ಅಣಕಿಸಲಿಕ್ಕೆ. ಪಾಲಮ್ಮ ಮಾತ್ರ ಜಪ್ಪಯ್ಯ ಎಂದರೂ ಏಳಲಿಲ್ಲ. ಕೊನೆಗೆ ಸೊಸೆ ರೋಜಾ, "ಅತ್ತಿ, ನೀವು ಕಣ್ಣು ಮುಚ್ಚಿಕೊಂಡು ಕುಂದರ್ರಿ. ಯಾವಾಗ ತೆಗಿಬೇಕಂತ ನಾ ಹೇಳ್ತೀನಿ" ಎಂದು ಕೈ ಹಿಡಿದು ಎಳೆದುಕೊಂಡೇ ಹೋದಳು.

ಮೊದಲ ಯುದ್ಧದಲ್ಲಿ ಕೆಂಪು ಪೇಟದ ಮೈಲಪ್ಪ ಸತ್ತ. ಆದರೆ ಆ ಧೂಳಿನಲ್ಲಿ ಯಾರು ಯಾರೆಂದು ಗುರುತೇ ಹತ್ತಲಿಲ್ಲ. "ನಾ ಹೇಳಿದ್ದಿಲ್ಲಾ?" ಎಂದರು ಮೇಷ್ಟ್ರು. ಮೈಲಪ್ಪ ಕುರ್ಚಿಯಲ್ಲಿ ಕುಗ್ಗಿ ಹೋದ. ಪಕ್ಕದಲ್ಲಿ ಪಾಲಮ್ಮ ಸೆರಗು ಮುಖಕ್ಕೆ ಒತ್ತಿಕೊಂಡು ಕೂತಿದ್ದಳು. ಇವಳನ್ನು ಕರೆತಂದದ್ದೇ ತಪ್ಪಾಯಿತು ಎಂದು ಅವನಿಗೆ ಅನ್ನಿಸಿತು.

ರೋಜಾಳ ಕಣ್ಣು ಬಲು ಚುರುಕು. "ಮಾವ, ಹೀರೋನ ಗಾಯ ಎಡಗೈಯಾಗ ಇತ್ತು. ಈಗ ಬಲಗೈಗೆ ಬಂದೈತಿ" ಎಂದಳು. ಸಾಲಿಗೆ ಸಾಲೇ ನಕ್ಕಿತು. ಹಿಂದಿನಿಂದ ಯಾರೋ, ಕೋಟೆ ಗೋಡೆಯ ಆಚೆ ಕರೆಂಟ್ ಕಂಬ ಐತಿ ನೋಡ್ರಿ ಎಂದರು. ಇನ್ನೊಬ್ಬರಿಗೆ ಸೇನಾಪತಿಯ ಕೈಯಲ್ಲಿ ಗಡಿಯಾರ ಕಂಡಿತು. ಒಬ್ಬಾತನ ಪೇಟ ಒಂದೇ ಕಾಳಗದಲ್ಲಿ ಕೆಂಪಾಗಿ, ಕರಿದಾಗಿ, ಮತ್ತೆ ಕೆಂಪಾಯಿತು. ಟಾಕೀಸಿನಲ್ಲಿ ಹೀರೋನ ಮುಖ ನೋಡುವವರೇ ಇಲ್ಲದಂತಾಯಿತು. ಎಲ್ಲರ ಕಣ್ಣು ಅವನ ಹಿಂದೆ, ಪಕ್ಕದಲ್ಲಿ, ಕಾಲಡಿಯಲ್ಲಿ ತಪ್ಪು ಹುಡುಕುತ್ತಿದ್ದವು.

ಹಾಗೆ ಕಣ್ಣು ಪಳಗಿಸಿಕೊಂಡ ಜನದ ಮುಂದೆ ಕೊನೆಯ ಕಾಳಗ ಬಂತು. ಹೀರೋ ನಾಡಿನ ಬಗ್ಗೆ ಮಾತಾಡಿದ, ಕತ್ತಿ ಒರೆಗೆ ಸೇರಿತು. ಹಿಂದುಗಡೆ ಒಂದು ಹೆಣ ಎದ್ದು ಕೂತಿತು.

"ಅತ್ತಿ, ಈಗ ಕಣ್ಣು ತೆಗಿರಿ" ಎಂದಳು ರೋಜಾ.

ಪಾಲಮ್ಮ ತೆಗೆದಳು. ಬಿಳಿ ಪರದೆಯ ಮೇಲೆ ಅವಳ ಗಂಡ ಎದ್ದು ನಿಂತಿದ್ದ. ಸಂಜೆ ಬಿಸಿಲು ಮುಖದ ಮೇಲೆ ನೇರ ಬಿದ್ದಿತ್ತು, ಹಣೆಯ ಗೆರೆ ಸಹ ಕಾಣುತ್ತಿತ್ತು. ಅವನು ನೆಲ ಮುಟ್ಟಿದ, ಕಣ್ಣಿಗೊತ್ತಿಕೊಂಡ, ಅವಳತ್ತಲೇ ನೋಡುವಂತೆ ಕೈಮುಗಿದ. ಟಾಕೀಸು ಕಿತ್ತುಹೋಗುವಂತೆ ಸಿಳ್ಳೆ ಎದ್ದಿತು. ಟವಲುಗಳು ಮೇಲೆ ಹಾರಿದವು. ಹೀರೋನ ಮಾತು ಒಬ್ಬರಿಗೂ ಕೇಳಲಿಲ್ಲ. ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಪಾಲಮ್ಮ ಅಳುತ್ತಾ, ನಗುತ್ತಾ, ಗುರುತಿಲ್ಲದ ಪಕ್ಕದ ಹೆಂಗಸಿಗೆ, "ನಮ್ಮೋರು ಎದ್ರು ನೋಡವ್ವ" ಎಂದಳು.

ಮರುದಿನದಿಂದ ಯುದ್ಧದ ಸಿನಿಮಾಗಳ ತಪ್ಪು ಎತ್ತಿ ತೋರಿಸುವವರ ವಿಡಿಯೋಗಳಲ್ಲೆಲ್ಲ ಮೈಲಪ್ಪನೇ. ಹಡಗಲಿ, ಹರಪನಹಳ್ಳಿ ಕಡೆಯಿಂದ ಜನ ಬಸ್ಸು ಹತ್ತಿ ಬಂದು ಎದ್ದು ಕೈಮುಗಿಯುವ ಅಜ್ಜನನ್ನು ನೋಡಿ ಹೋದರು. ಟಾಕೀಸಿನಿಂದ ಎತ್ತಿಬಿಡಬೇಕೆಂದಿದ್ದ ಸಿನಿಮಾ ಇನ್ನೂ ಒಂದು ವಾರ ಓಡಿತು. ಸಿನಿಮಾದವರು ಮೊದಲು ಕೊಟ್ರಸ್ವಾಮಿಯ ಮೇಲೆ ರೇಗಿದರು, ಆಮೇಲೆ ತಾವೇ ಮೈಲಪ್ಪನ ಚಿತ್ರ ಹಾಕಿ ಪೋಸ್ಟರ್ ಅಂಟಿಸಿದರು.

ಈ ವರ್ಷದ ಆಟಕ್ಕೆ ಗುರುಸಂಗಪ್ಪ ಮೇಷ್ಟ್ರೇ ಮನೆತನಕ ಬಂದು, "ಮೈಲಪ್ಪ, ರಾಜನ ಪಾತ್ರ ನಿಂದಪಾ" ಎಂದರು. ಮೈಲಪ್ಪ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಪಾಲಮ್ಮ ಬಂದಳು. "ರಾಜ ಬ್ಯಾಡ್ರಿ ಮೇಷ್ಟ್ರ. ಸಾಯೋದ ಇರ್ಲಿ. ಎದ್ದೇಳೋದು ನಾ ನೋಡಬೇಕು."

ಮೈಲಪ್ಪ ಆ ಸಲ ಎಂದಿಗಿಂತ ಹೆಚ್ಚು ಹೊತ್ತು ಸತ್ತ. ಎದ್ದು ಕೈಮುಗಿದಾಗ ಜನವೆಲ್ಲ ಎದ್ದು ನಿಂತಿತು. ಬೆಳಕು ಹರಿಯುವಾಗ ಅವನು ಮನೆಗೆ ಬಂದರೆ ಬಾಗಿಲಲ್ಲಿ ಅಡ್ಡ ನಿಂತು ಕೇಳುವವರು ಯಾರೂ ಇರಲಿಲ್ಲ. ಪಾಲಮ್ಮ ಅವನ ಕಂಬಳಿ ಹೊದ್ದು ಅವನ ಜೊತೆಗೇ ನಡೆದು ಬಂದಿದ್ದಳು.