ತಪ್ಪು ಭಂಗಿ

ದಿನವೂ ಕಾರುಗಳನ್ನು ಗೋಡೆಗೆ ಗುದ್ದಿಸುವುದು ನನ್ನ ಕೆಲಸ. ಬೇಗಂಪೇಟೆಯ ಆಫೀಸಿನಲ್ಲಿ, ಕಂಪ್ಯೂಟರಿನೊಳಗೆ. ಸ್ಟೇರಿಂಗಿನ ಹಿಂದೆ ಗಂಡಸಿನ ಅಳತೆಯ ಗೊಂಬೆ ಕೂರುತ್ತದೆ. ಹೆಂಗಸಿನ ಅಳತೆಯ ಸಣ್ಣ ಗೊಂಬೆಯನ್ನು ಪಕ್ಕದ ಸೀಟಿನಲ್ಲಿ ಕೂರಿಸುತ್ತೇವೆ. ಅವನ್ನು ನಾವು ಕರೆಯುವುದೇ ಸಾರ್, ಮೇಡಂ ಎಂದು. "ಸಾರ್ ಓಡಿಸ್ತಾರೆ, ಮೇಡಂ ಜೊತೇಲಿ ಹೋಗ್ತಾರೆ" ಎಂದು ಹೊಸಬರಿಗೆ ಆರು ವರ್ಷ ನಾನೇ ಹೇಳಿಕೊಟ್ಟಿದ್ದೇನೆ.

ನಮ್ಮಪ್ಪ ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಈ ಊರಿಗೆ ಬಂದವನು. ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಇಂಜಿನಿಯರ್ ಎಂದು ಬರೆದ ಕಾರ್ಡನ್ನು ಬಸ್ಸಿನಲ್ಲೂ ಕುತ್ತಿಗೆಯಿಂದ ತೆಗೆಯುವುದಿಲ್ಲ. ಯಾರು ನಕ್ಕರೂ ನಗಲಿ. ನಾನು ಓದಲೆಂದು ಅಕ್ಕ ಎಂಟನೆಯ ಕ್ಲಾಸಿಗೇ ಶಾಲೆ ಬಿಟ್ಟಳು. ಈಗ ಟ್ಯಾಕ್ಸಿ ಓಡಿಸುತ್ತಾಳೆ.

ಒಂದು ಭಾನುವಾರ ಶಂಶಾಬಾದಿನಿಂದ ಅವಳ ಕಾರಿನಲ್ಲೇ ಮನೆಗೆ ಬರುತ್ತಿದ್ದೆ. ಅವಳ ಎದೆಗೂ ಸ್ಟೇರಿಂಗಿಗೂ ಒಂದು ಗೇಣೂ ಅಂತರವಿರಲಿಲ್ಲ.

"ಅಕ್ಕಾ, ಸೀಟು ಹಿಂದಕ ತಗೋ. ಹಿಂಗ ಕುಂದ್ರೋದು ತಪ್ಪು. ಏರ್‌ಬ್ಯಾಗ್ ಬಿಚ್ಚಿದ್ರ ಎದಿಗೇ ಬಡೀತೈತಿ."

"ಹಿಂದಕ ತಗೊಂಡ್ರ ಬ್ರೇಕು ನೀ ಬಂದು ತುಳೀತಿಯೇನು, ಇಂಜಿನಿಯರವ್ವಾ? ಕಾಲು ಎಟುಕಬೇಕಲ್ಲ! ತಪ್ಪಂತ ತಪ್ಪು. ಕಾರು ಮಾಡಾವ್ರು ನನ್ನ ಕಾಲು ಅಳದಾರೇನು?"

ಅಳೆಯದವರಲ್ಲಿ ನಾನೂ ಒಬ್ಬಳು. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದು ಕೂರುವವರಿಗೆ ನಮ್ಮ ವರದಿಯಲ್ಲಿ ಒಂದು ಸಾಲು ಮೀಸಲು: "ತಪ್ಪು ಭಂಗಿ, ಪರೀಕ್ಷೆಗೆ ಸೇರಿಸಿಲ್ಲ." ಆಗ ಕೈಯಲ್ಲಿದ್ದ ಸಣ್ಣ ಕಾರಿನ ವರದಿಯಲ್ಲೂ ಅದನ್ನು ಬರೆದು ಮುಗಿಸಿದ್ದೆ. ಶುಕ್ರವಾರ ಆ ಕಾರಿನ ವಿನ್ಯಾಸಕ್ಕೆ ಕೊನೆಯ ಸಹಿ. ಆಮೇಲೆ ಅದರಲ್ಲಿ ಒಂದು ಮೊಳೆಯೂ ಬದಲಾಗುವುದಿಲ್ಲ.

ಸೋಮವಾರ ನಮ್ಮ ಮುಖ್ಯಸ್ಥರ ಮುಂದೆ ನಿಂತೆ. ಮೈಸೂರಿನವರು, ಒಳ್ಳೆಯವರೇ.

"ಸರ್, ಮೇಡಂನ ಸ್ಟೇರಿಂಗ್ ಹಿಂದೆ ಕೂರಿಸಿ ಒಂದು ಸಲ ಗುದ್ದಿಸ್ತೀನಿ. ಸೀಟು ಪೂರ್ತಿ ಮುಂದೆ."

"ಅಲ್ಲಮ್ಮ, ತಪ್ಪು ಭಂಗಿ ಅಂತ ನೀನೇ ಬರೆದಿದ್ದೀಯಲ್ಲ?"

"ತಪ್ಪು ಬರೆದಿದ್ದೆ ಸರ್."

"ಹಂಗೆ ಕೂರೋರು ಎಷ್ಟು ಜನ ಇರ್ತಾರೆ, ಹೇಳು?"

"ನಮ್ಮನೇಲಿ ಒಬ್ಬಳು ಇದ್ದಾಳೆ ಸರ್."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಒಂದೇ ಸಲ."

ಗುದ್ದಿಸಿದೆ. ಏರ್‌ಬ್ಯಾಗ್ ಇನ್ನೂ ಉಬ್ಬುತ್ತಿರುವಾಗಲೇ ಗೊಂಬೆಯ ಎದೆಗೆ ಹೊಡೆಯಿತು. ಪಕ್ಕೆಲುಬಿನ ಅಂಕಿ ಮಿತಿ ದಾಟಿ ಕೆಂಪಾಯಿತು. ಮುಖ್ಯಸ್ಥರು ಪರದೆಯನ್ನು ನೋಡಿ, "ಇದನ್ನು ಮುಂದಿನ ಕಾರಿಗೆ ನೋಡೋಣ. ಹಳೇ ಸಾಲು ಹಾಗೇ ಇರಲಿ," ಎಂದರು.

"ಸಾಲು ಅಳಿಸಿಬಿಟ್ಟಿದ್ದೀನಿ ಸರ್."

ಅಲ್ಲಿ ಈಗ, "ಪೆಡಲು ಎಟುಕಲು ಮುಂದೆ ಕೂತ ಚಾಲಕಿ, ಪಾಸಾಗಿಲ್ಲ" ಎಂದಿತ್ತು. ಪಾಸಾಗದ ಸಾಲಿನ ಕೆಳಗೆ ಸಹಿ ಹಾಕಲು ಅವರ ಕೈ ಏಳಲಿಲ್ಲ. ನನ್ನ ಮೇಲೆ ರೇಗಿದರು, ಬಾಗಿಲು ದಡಾರೆಂದಿತು, ಆದರೆ ಸಹಿ ಬೀಳಲಿಲ್ಲ.

ಆಮೇಲಿನ ವಾರಗಳೆಲ್ಲ ಒಂದೇ. ಏರ್‌ಬ್ಯಾಗಿನ ಬಿರುಸು ಇಳಿಸುವುದು, ಬೆಲ್ಟಿನ ಬಿಗಿ ಬದಲಿಸುವುದು, ಗುದ್ದಿಸುವುದು, ಕೆಂಪು. ಮೇಡಂ ಉಳಿದರೆ, ಅದೇ ಸೀಟಿಗೆ ಕೂರಿಸಿದಾಗ ಸಾರ್ ಸಾಯುತ್ತಿದ್ದರು, ಮತ್ತೆ ಮೊದಲಿನಿಂದ. ತಡವಾದದ್ದಕ್ಕೆ ತಂಡದವರು ನನ್ನನ್ನು ಚಹಾಕ್ಕೆ ಕರೆಯುವುದನ್ನೂ ಬಿಟ್ಟರು. ಕೊನೆಗೊಂದು ದಿನ ಇಬ್ಬರೂ ಉಳಿದರು. ಹಸಿರಾದ ಎರಡು ಅಂಕಿಗಳನ್ನು ನೋಡುತ್ತ ಕೂತೆ.