ನೂಲಿನ ಮನೆ, ಮೋಟಾರಿನ ಅಂಗಡಿ

ರಾಮನಗರದ ನಮ್ಮ ಓಣಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವವರು. ಕೈಲಾಂಚದ ಕಡೆಯಿಂದ ಮದುವೆಯಾಗಿ ಬಂದ ನಮ್ಮವ್ವನದೂ ಅದೇ ಕಸುಬು. ಅಕ್ಕ ಮಾತ್ರ ಐಟಿಐ ಓದಿ, ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟಳು. ಅವ್ವನಿಗೆ ಅದು ಸರಿಬೀಳಲಿಲ್ಲ.

"ಸಂಜೆಗೆ ನಾನು ಒಂದು ಹಿಡಿ ನೂಲಾದ್ರೂ ತೋರಿಸ್ತೀನಿ. ನೀನೇನ್ ತೋರಿಸ್ತೀಯೆ? ಕಂಡೋರ ಮೋಟರು ಕಂಡೋರ ಮನೇಗೇ ಹೋಯ್ತದೆ."

ಅಕ್ಕ ನಕ್ಕು ಅಂಗಡಿಗೆ ಹೊರಡುತ್ತಿದ್ದಳು. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವಳು. ಊರಿನ ಉತ್ಪನ್ನವೆಂದರೆ ಸರಕು, ಸೇವೆ ಎರಡೂ ಕೂಡಿದ್ದು ಎಂದು ಬೋರ್ಡಿನ ಮೇಲೆ ಬರೆದು ಬರುತ್ತಿದ್ದೆ. ಮನೆಯಲ್ಲಿ ಅದನ್ನು ಒಪ್ಪಿಸುವುದು ನನ್ನಿಂದಾಗಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕರೆಂಟು ಏರುಪೇರಾಗಿ ನಮ್ಮ ನೂಲು ಸುತ್ತುವ ರಾಟೆಯ ಮೋಟಾರ್ ಸುಟ್ಟಿತು. ಗೂಡು ಆಗಲೇ ಬೆಂದಿತ್ತು. ಬೆಂದದ್ದನ್ನು ಹಾಗೇ ಬಿಟ್ಟರೆ ಎಳೆ ಹಾಳು. ಮೋಟಾರನ್ನು ಸ್ಕೂಟರಿನಲ್ಲಿಟ್ಟುಕೊಂಡು ಅಂಗಡಿಗೆ ಓಡಿದೆ. ಅಲ್ಲಿ ಅಕ್ಕ ಎದುರುಮನೆಯ ಸಾಬರ ಮೋಟಾರಿಗೆ ತಂತಿ ಸುತ್ತುತ್ತಿದ್ದಳು. ಕೆಲಸ ಮುಗಿಯುತ್ತ ಬಂದಿತ್ತು.

"ಅದನ್ನ ಬಿಟ್ಟು ನಮ್ಮದು ಮಾಡೇ. ಅವ್ವ ಬಯ್ತಾ ಕೂತವ್ಳೆ," ಅಂದೆ.

"ಅವರ ಗೂಡಿನಾಗೆ ಇವತ್ತೋ ನಾಳೆಯೋ ಚಿಟ್ಟೆ ಏಳ್ತದೆ ಕಣೇ. ಗೂಡು ತೂತಾದ್ರೆ ಎಲ್ಲಾ ದಂಡ. ಮೊದಲು ಬಂದೋರೂ ಅವರೇ," ಎಂದಳು. ಕೈ ನಿಲ್ಲಲಿಲ್ಲ. ಸುತ್ತಿ ಮುಗಿಸಿ, ವಾರ್ನಿಷ್ ಹೊಯ್ದು, ಬಲ್ಬಿನ ಶಾಖಕ್ಕೆ ಒಣಗಲು ಇಟ್ಟಳು. "ಒಣಗೋವರ್ಗೂ ಇಲ್ಲಿ ಕೂತು ಏನ್ ಮಾಡಾದು? ನಡಿ ಮನೆಗೆ," ಎಂದು ಸ್ಕೂಟರ್ ಹತ್ತಿದಳು.

ನಮ್ಮದು ಮೊದಲು ಕೈಯಲ್ಲಿ ತಿರುಗಿಸುತ್ತಿದ್ದ ರಾಟೆ. ಮೋಟಾರ್ ಆಮೇಲೆ ಜೋಡಿಸಿದ್ದು. ಅಕ್ಕ ಬೆಲ್ಟ್ ಕಳಚಿ, ಅಟ್ಟದಲ್ಲಿದ್ದ ಹಳೆಯ ಹಿಡಿ ಸಿಕ್ಕಿಸಿ, ತಿರುಗಿಸಲು ನಿಂತಳು. ಅವ್ವ ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆ ಹಿಡಿದುಕೊಟ್ಟಳು. ಎಳೆ ತುಂಡಾದರೆ ಅವ್ವ ಬಾಯಿ ತೆರೆಯುವ ಮೊದಲೇ ಅಕ್ಕನ ಕೈ ನಿಲ್ಲುತ್ತಿತ್ತು. ಚಿಕ್ಕಂದಿನಲ್ಲಿ ಕಲಿತದ್ದನ್ನು ಅವಳು ಮರೆತೇ ಇರಲಿಲ್ಲ. ಬೆವರು ಇಳಿಯುತ್ತಿದ್ದರೂ ಅವಳು ರಾಟೆ ಬಿಡಲಿಲ್ಲ. ಬೆಂದ ಗೂಡೆಲ್ಲ ನೂಲಾಯಿತು.

ಮಧ್ಯಾಹ್ನ ಅಕ್ಕ ಹೋಗಿ ಎದುರುಮನೆಯ ಮೋಟಾರ್ ಕೂರಿಸಿ ಬಂದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ರಾಟೆಯ ಸದ್ದು ಕೇಳಿತು. ಅವ್ವ ಕಿವಿಗೊಟ್ಟಳು.

"ಓಡ್ತಾ ಐತಲ್ಲ. ನೀನು ಮಾಡಿದ್ದಾ?"

"ಹೂಂ ಕಣವ್ವ."

"ಹಂಗಾದ್ರೆ ಆ ನೂಲ್ನಾಗೆ ನಿಂದೂ ಒಸಿ ಐತೆ ಬುಡು."

ನನ್ನ ಪಾಠವನ್ನೆಲ್ಲ ಅವ್ವ ಒಂದೇ ಮಾತಿನಲ್ಲಿ ಹೇಳಿದ್ದಳು. ಅಕ್ಕನ ಕಣ್ಣು ಒದ್ದೆಯಾಗಿತ್ತು, ಗೂಡಿನ ಒಲೆಯ ಹೊಗೆ ಎಂದಳು. ನಮ್ಮ ಮೋಟಾರ್ ಮಾರನೆಯ ದಿನ ಸರಿಯಾಯಿತು.

ಈಗ ಚನ್ನಪಟ್ಟಣದ ಬೊಂಬೆ ಕಡೆಯುವ ಯಂತ್ರದ ಮೋಟಾರು, ಮಾಗಡಿಯ ಹಿಟ್ಟಿನ ಗಿರಣಿಯದು, ಮರಳವಾಡಿಯ ತೋಟದ ಪಂಪು, ಎಲ್ಲವೂ ಅಕ್ಕನ ಅಂಗಡಿಗೆ ಬರುತ್ತವೆ. ಇಬ್ಬರು ಹೆಣ್ಣುಮಕ್ಕಳು ಅವಳ ಜೊತೆ ಕೆಲಸಕ್ಕಿದ್ದಾರೆ. ಮಧ್ಯಾಹ್ನ ಅವ್ವನೇ ಮುದ್ದೆ, ಉಪ್ಸಾರು ತೆಗೆದುಕೊಂಡು ಹೋಗುತ್ತಾಳೆ. ಗಿರಾಕಿಗಳು ಅವಸರ ಮಾಡಿದರೆ ಬಾಗಿಲಿಗೆ ಅಡ್ಡ ನಿಂತು, "ತಡೀರಪ್ಪ, ಮಕ್ಕಳು ಉಣ್ಣಲಿ," ಅನ್ನುತ್ತಾಳೆ.